ಬೀಗ ತೆರೆಯುವ ವಿದ್ಯೆ

ಬಳ್ಳಾರಿಯ ಕೋಟೆಯನ್ನು ಕುರಿತ ಒಂದು ಐತಿಹ್ಯ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಗುಡ್ಡದ ಮೇಲಿನ ಕೋಟೆಯನ್ನು ಕಟ್ಟಿಸಿದವನು ಹನುಮಪ್ಪ ನಾಯಕ. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. ಅದನ್ನು ಕಟ್ಟಲು ಅವನು ಒಬ್ಬ ಫ್ರೆಂಚ್ ಎಂಜಿನಿಯರನನ್ನು ನೇಮಿಸಿದ್ದನಂತೆ. ಕೆಲಸವೆಲ್ಲ ಮುಗಿದ ಮೇಲೆ ಹೈದರನು ನೋಡುತ್ತಾನೆ: ಪಕ್ಕದ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದೆ. ಅಲ್ಲಿ ಫಿರಂಗಿಯನ್ನು ಹತ್ತಿಸಿದವನಿಗೆ ಇಡೀ ಕೋಟೆ ಅಂಗೈಯ ನೆಲ್ಲಿಕಾಯಿ. ಸಿಟ್ಟಿಗೆದ್ದ ಹೈದರನು ಆ ಎಂಜಿನಿಯರನನ್ನು ಕೋಟೆಯ ಪೂರ್ವದ ಬಾಗಿಲಿನಲ್ಲಿಯೇ ಗಲ್ಲಿಗೇರಿಸಿದನೆಂದು ಜನ ಹೇಳುತ್ತಾರೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಅದರೊಳಗೆ ಒಂದು ತಿಳಿವಳಿಕೆ ಅಡಗಿದೆ. ಒಳಗೆ ನಿಂತು ಕಟ್ಟಿದವನಿಗೆ ಕಾಣದ ದೋಷ, ಎದುರಿನ ಗುಡ್ಡವನ್ನು ಹತ್ತಿದವನಿಗೆ ಕಾಣುತ್ತದೆ. ಭದ್ರವಾದುದನ್ನು ಕಟ್ಟಬೇಕೆನ್ನುವವನು ಮುತ್ತಿಗೆ ಹಾಕುವವನ ಜಾಗದಲ್ಲಿ ಒಮ್ಮೆಯಾದರೂ ನಿಂತು ನೋಡಬೇಕು.

ಕೋಟೆಗೆ ಸಲ್ಲುವ ಈ ಮಾತು ಮನೆಯ ಬಾಗಿಲಿಗೂ ಸಲ್ಲುತ್ತದೆ. ಬೀಗದ ಕೈ ಇಲ್ಲದೆ, ಒಡೆಯದೆ ಮುರಿಯದೆ, ಕೇವಲ ಎರಡು ಸಣ್ಣ ಕಡ್ಡಿಗಳಿಂದ ಬೀಗವನ್ನು ತೆರೆಯುವುದನ್ನು ಒಂದು ಹವ್ಯಾಸವಾಗಿ, ಕಮ್ಮಟಗಳಲ್ಲಿ ಕುಳಿತು, ಕೈಯಾರೆ ಕಲಿಯುವ ಜನರು ಇಂದು ಲೋಕದ ಹಲವು ದೇಶಗಳಲ್ಲಿದ್ದಾರೆ. ಚದುರಂಗವನ್ನೊ ಪದಬಂಧವನ್ನೊ ಆಡುವವರಂತೆ ಅವರು ಬೀಗಗಳೊಡನೆ ಆಡುತ್ತಾರೆ. ಈ ಸುದ್ದಿಯನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರು ಹುಬ್ಬೇರಿಸುವುದು ಸಹಜ. ‘ಇದೂ ಒಂದು ಕಲಿಯುವ ವಿದ್ಯೆಯೇ? ಕಳ್ಳರಿಗೆ ಪಾಠ ಹೇಳಿಕೊಟ್ಟ ಹಾಗಾಗಲಿಲ್ಲವೇ?’ ಎಂಬ ಪ್ರಶ್ನೆ ನಾಲಗೆಯ ತುದಿಗೆ ಬರುತ್ತದೆ. ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ಪೂರ್ವಿಕರೂ ಪಶ್ಚಿಮದವರೂ ಇದನ್ನು ಬಹಳ ಹಿಂದೆಯೇ ಕೇಳಿಕೊಂಡಿದ್ದಾರೆ. ಅವರು ಕಂಡುಕೊಂಡ ಉತ್ತರಗಳನ್ನು ಸ್ವಲ್ಪ ನೋಡೋಣ.

ಮೊದಲು ಪದಗಳ ಮಾತು. ಮೈಸೂರು ಸೀಮೆಯವರು ಬೀಗ ಎನ್ನುವುದನ್ನು ಬಳ್ಳಾರಿ, ರಾಯಚೂರು, ಧಾರವಾಡಗಳ ಕಡೆಯವರು ಕೀಲಿ ಎನ್ನುತ್ತಾರೆ. ಅದನ್ನು ತೆರೆಯುವ ಸಾಧನ ಅವರಿಗೆ ಬೀಗದ ಕೈ, ಇವರಿಗೆ ಕೀಲಿಕೈ. ಪ್ರಾಂತ ಬೇರೆಯಾದರೂ ‘ಕೈ’ ಎಂಬುದು ಎರಡರಲ್ಲಿಯೂ ಉಳಿದಿದೆ. ಕನ್ನಡಿಗನ ಕಣ್ಣಿಗೆ ಅದು ಬರಿಯ ಲೋಹದ ತುಂಡಲ್ಲ. ಬೀಗದ ಒಳಗೆ ಹೋಗಿ ಅಲ್ಲಿನ ಅಗುಳಿಯನ್ನು ಸರಿಸಿ ಬರುವ ಕೈ. ಹಾಗೆ ನೋಡಿದರೆ ಬೀಗ ತೆರೆಯುವ ವಿದ್ಯೆಯೆಂದರೆ ಲೋಹದ ಕೈ ಮಾಡುವ ಕೆಲಸವನ್ನು ಮನುಷ್ಯನ ಕೈಗೆ ಕಲಿಸುವುದು, ಅಷ್ಟೆ.

ನಮ್ಮ ಪ್ರಾಚೀನರು ಇದನ್ನು ವಿದ್ಯೆಯೆಂದೇ ಎಣಿಸಿದ್ದರು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕಲು ಬರುವ ಶರ್ವಿಲಕನನ್ನು ನೆನೆಯಿರಿ. ಅವನು ಹುಟ್ಟಿನಿಂದ ಬ್ರಾಹ್ಮಣ. ಅಳತೆಯ ನೂಲನ್ನು ಮರೆತು ಬಂದಿದ್ದರಿಂದ ಜನಿವಾರವನ್ನೇ ನೂಲಾಗಿ ಬಳಸುತ್ತಾನೆ. ಬಿಗಿಯಾಗಿ ಹಾಕಿದ ಕದದ ಅಗುಳಿಯನ್ನು ತೆರೆಯಲು ಕೂಡ ಅದು ಒದಗುತ್ತದೆಂದು ಹೇಳಿಕೊಳ್ಳುತ್ತಾನೆ. ತನ್ನ ಶಾಸ್ತ್ರದ ಆಚಾರ್ಯರನ್ನು ಹೆಸರು ಹಿಡಿದು ಸ್ಮರಿಸುತ್ತಾನೆ. ಗೋಡೆಯಲ್ಲಿ ಎಂಥ ಆಕಾರದ ರಂಧ್ರವನ್ನು ಕೊರೆದರೆ ಬೆಳಗ್ಗೆ ಊರ ಜನ ಮೆಚ್ಚಿಯಾರೆಂದು ಯೋಚಿಸುತ್ತಾನೆ. ಬೆಳಗಾದ ಮೇಲೆ ಒಡವೆಯನ್ನು ಕಳೆದುಕೊಂಡ ಚಾರುದತ್ತನೇ ಆ ಕೆಲಸದ ಚಂದವನ್ನು ಮೆಚ್ಚುತ್ತಾನೆ. ಕೃತ್ಯ ಕೆಟ್ಟದು, ಕೌಶಲ ಮಾತ್ರ ಕೌಶಲವೇ ಎಂಬ ವಿವೇಕ ಆ ಕವಿಗಿತ್ತು.

ಕೌಟಿಲ್ಯನ ದೃಷ್ಟಿ ಬೇರೆ. ಅವನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದ ಕೀರ್ತಿ ಆರ್. ಶಾಮಶಾಸ್ತ್ರಿಗಳದು. ಅದರ ನಾಲ್ಕನೆಯ ಅಧಿಕರಣದಲ್ಲಿ ಒಂದು ವಿಚಿತ್ರವಾದ ಪಾಠಶಾಲೆಯ ವರ್ಣನೆಯಿದೆ. ಸಿದ್ಧರ ವೇಷದ ಗೂಢಚಾರರು ದುರ್ನಡತೆಯ ಶಂಕೆಯುಳ್ಳ ತರುಣರನ್ನು ಕೂಡಿಕೊಂಡು, ಕಾವಲಿನವರನ್ನು ಮಲಗಿಸುವ ಮಂತ್ರ, ಕಣ್ಣಿಗೆ ಬೀಳದಂತೆ ಮಾಡುವ ಮಂತ್ರ, ಬಾಗಿಲು ತೆರೆಯುವ ಮಂತ್ರ ಇವನ್ನು ಕಲಿಸುವುದಾಗಿ ಆಸೆ ತೋರಿಸಬೇಕು. ಮೊದಲೇ ಮಾತಾಡಿಕೊಂಡಿರುವ ಮನೆಗಳಿಗೆ ಅವರನ್ನು ಕರೆದೊಯ್ದು ಮಂತ್ರ ಹೇಳಿದೊಡನೆ ಬಾಗಿಲು ತೆರೆದುಕೊಳ್ಳುವಂತೆ ಮಾಡಬೇಕು. ನಂಬಿಕೆ ಕುದುರಿದ ಮೇಲೆ ಅವರನ್ನು ಕಳವಿಗೆ ಇಳಿಸಿ ಗುರುತು ಹಾಕಿದ ಮಾಲಿನ ಸಮೇತ ಹಿಡಿಯಬೇಕು. ಬಾಗಿಲು ತೆರೆಯುವುದನ್ನು ಕಲಿಸುವ ಒಂದು ತರಗತಿಯನ್ನು ನಮ್ಮ ಹಳೆಯ ಗ್ರಂಥವೊಂದು ಹೀಗೆ ವರ್ಣಿಸಿದೆ. ಆದರೆ ಆ ತರಗತಿ ಒಂದು ಬೋನು. ಕಲಿಯುವ ಆಸೆಯೇ ಅಪರಾಧದ ಸಾಕ್ಷ್ಯವೆಂದು ತಿಳಿಯುವ ಮನೋಧರ್ಮ ಅಲ್ಲಿದೆ. ರಾಜ್ಯವಾಳುವವರಲ್ಲಿ ಆ ಮನೋಧರ್ಮ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ.

ಇವೆರಡಕ್ಕಿಂತ ಆಳವಾದ ನೋಟ ನಮ್ಮ ಕನ್ನಡದಲ್ಲಿಯೇ ಇದೆ. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಸಂಪಾದಿಸಿಕೊಟ್ಟ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರ ರಿಸಿಯ ಕಥೆ ಒಂದು. ಗ್ರಂಥವನ್ನು ಸಾಮಾನ್ಯವಾಗಿ ಹತ್ತನೆಯ ಶತಮಾನದ್ದೆಂದು ಹೇಳುತ್ತಾರೆ. ಕಥೆಯ ನಾಯಕ ರಾಜಪುತ್ರ. ಅವನ ಜೊತೆಗಾರ ಯಮದಂಡ, ಊರು ಕಾಯುವ ತಳಾರನ ಮಗ. ಇಬ್ಬರೂ ಒಟ್ಟಿಗೇ ಓದಿದವರು. ಒಬ್ಬನು ಕಳ್ಳತನದ ಶಾಸ್ತ್ರವನ್ನು ಕಲಿತರೆ ಇನ್ನೊಬ್ಬನು ಕಳ್ಳನನ್ನು ಹಿಡಿಯುವ ಶಾಸ್ತ್ರವನ್ನು ಕಲಿಯುತ್ತಾನೆ. ಮುಂದೆ ಯಮದಂಡನು ಮಿಥಿಲೆಯಲ್ಲಿ ತಳಾರನಾಗಿರುವಾಗ ವಿದ್ಯುಚ್ಚೋರನು ಅಲ್ಲಿಗೆ ಹೋಗಿ, ಅವನ ಕಾವಲಿನಲ್ಲಿಯೇ ಅರಸನ ಹಾರವನ್ನು ಕದಿಯುತ್ತಾನೆ. ಹಗಲೆಲ್ಲ ರೋಗಿಯ ವೇಷದಲ್ಲಿರುವ ಅವನನ್ನು ಯಮದಂಡನು ಗುರುತಿಸಿ ಹಿಡಿಯುತ್ತಾನೆ. ಬಗೆಬಗೆಯ ದಂಡನೆಗಳನ್ನು ಸಹಿಸಿದ ಮೇಲೆ ನಿಜ ಹೊರಬೀಳುತ್ತದೆ. ಕಡೆಗೆ ಆ ಕಳ್ಳ ವೈರಾಗ್ಯ ತಾಳಿ ರಿಸಿಯಾಗುತ್ತಾನೆ. ಕಥೆಯ ಧಾರ್ಮಿಕ ಉದ್ದೇಶ ಬೇರೆಯದು. ಆದರೆ ಕದಿಯುವ ವಿದ್ಯೆ, ಕಾಯುವ ವಿದ್ಯೆ ಎರಡೂ ಅಕ್ಕಪಕ್ಕದಲ್ಲಿ ಕುಳಿತು ಬೆಳೆದವು, ಒಂದನ್ನು ಅರಿಯದವನಿಗೆ ಇನ್ನೊಂದು ದಕ್ಕದು ಎಂಬ ಮಾತು ಅದರಲ್ಲಿ ಸೂಚಿತವಾಗಿದೆ. ಸಾವಿರ ವರ್ಷಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಒಂದು ದೊಡ್ಡ ವಿವಾದದ ಸಾರವೂ ಇದೇ ಆಗಿತ್ತು.

ಆ ವಿವಾದವನ್ನು ತಿಳಿಯಲು ಬೀಗದ ಒಳಗನ್ನು ಸ್ವಲ್ಪ ತಿಳಿಯಬೇಕು. ಈಜಿಪ್ಟು ಮತ್ತು ಪಶ್ಚಿಮ ಏಷ್ಯಗಳಲ್ಲಿ ಬಹು ಪುರಾತನ ಕಾಲದಿಂದ ಮರದ ಬೀಗಗಳಿದ್ದವು. ಕದದ ಅಡ್ಡಪಟ್ಟಿಯಲ್ಲಿ ಕೆಲವು ತೂತುಗಳು. ಮೇಲಿನಿಂದ ಮರದ ಗೂಟಗಳು ಅವುಗಳಲ್ಲಿ ಬಿದ್ದು ಪಟ್ಟಿಯನ್ನು ಸರಿಯಗೊಡದೆ ಹಿಡಿಯುತ್ತವೆ. ಅಷ್ಟೇ ಗೂಟಗಳಿರುವ ಮರದ ಕೈಯೊಂದನ್ನು ಒಳಗೆ ತೂರಿಸಿ ಮೇಲಕ್ಕೆತ್ತಿದರೆ ಬಿದ್ದ ಗೂಟಗಳು ಏಳುತ್ತವೆ, ಪಟ್ಟಿ ಸರಿಯುತ್ತದೆ. ಇದೇ ತತ್ತ್ವವನ್ನು ಲೋಹದಲ್ಲಿ ಕಿರಿದು ಮಾಡಿ, ೧೮೬೧ ಮತ್ತು ೧೮೬೫ರಲ್ಲಿ ಪೇಟೆಂಟು ಪಡೆದವನು ಅಮೆರಿಕದ ಲೈನಸ್ ಯೇಲ್ ಕಿರಿಯ. ಇಂದು ಗಾಂಧಿನಗರದಂಥ ಬಡಾವಣೆಯ ಹೊಸ ಮನೆಗಳ ಮುಂಬಾಗಿಲಲ್ಲಿ ಕಾಣುವ ಸಿಲಿಂಡರ್ ಬೀಗ ಆ ವಂಶದ್ದು. ಇದಲ್ಲದೆ ಗೂಟದ ಬದಲು ಒಂದರ ಮೇಲೊಂದು ಜೋಡಿಸಿದ ತೆಳ್ಳನೆಯ ಲೋಹದ ಲಿವರುಗಳಿರುವ ಬೀಗಗಳುಂಟು. ನಮ್ಮ ಹಳೆಯ ಅಂಗಡಿಗಳ ಬಾಗಿಲಿಗೆ ತೂಗಿಬೀಳುತ್ತಿದ್ದ ದಪ್ಪ ಬೀಗಗಳಲ್ಲಿ ಅಂಥವು ಹೆಚ್ಚು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬೀಗಗಳಿಗೆ ಲೋಕದಲ್ಲಿಯೇ ಹೆಸರು. ಜೋಸೆಫ್ ಬ್ರಾಮಾ ಎಂಬಾತ ೧೭೮೪ರಲ್ಲಿ ಒಂದು ಬೀಗಕ್ಕೆ ಪೇಟೆಂಟು ಪಡೆದನು. ಅದನ್ನು ತೆರೆಯಬಲ್ಲ ಸಾಧನವನ್ನು ಮಾಡಿದವರಿಗೆ ೨೦೦ ಗಿನಿಗಳ ಬಹುಮಾನವೆಂಬ ಬರಹದೊಡನೆ ಅಂಥದೊಂದು ಬೀಗ ಲಂಡನ್ನಿನ ಪಿಕಡಿಲಿ ಬೀದಿಯ ಅಂಗಡಿಯ ಕಿಟಕಿಯಲ್ಲಿ ದಶಕಗಟ್ಟಲೆ ಕುಳಿತಿತ್ತು. ೧೮೧೮ರಲ್ಲಿ ಜೆರೆಮಯ ಚಬ್ ಎಂಬಾತ ಇನ್ನೊಂದು ಬೀಗವನ್ನು ತಂದನು. ಯಾರಾದರೂ ಕಳ್ಳಗೈ ಹಾಕಿದರೆ ಅದು ಬಿಗಿದುಕೊಂಡು, ಒಡೆಯನಿಗೆ ಸುಳಿವು ಕೊಡುತ್ತಿತ್ತು. ಪೋರ್ಟ್ಸ್‌ಮತ್ ಬಂದರಿನ ಸೆರೆಹಡಗಿನಲ್ಲಿದ್ದ, ಮೊದಲು ಬೀಗ ಮಾಡುವ ಕಸುಬಿನವನಾಗಿದ್ದ ಕೈದಿಯೊಬ್ಬನಿಗೆ ಇದನ್ನು ತೆರೆದರೆ ಬಿಡುಗಡೆ, ಮೇಲೆ ೧೦೦ ಪೌಂಡು ಎಂಬ ಆಸೆ ತೋರಿಸಿದರು. ತಿಂಗಳುಗಟ್ಟಲೆ ಹೆಣಗಿ ಅವನು ಕೈಚೆಲ್ಲಿದನು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಜನ ತಮ್ಮ ಬೀಗಗಳು ಅಭೇದ್ಯವೆಂದು ನಂಬಿ ನಿಶ್ಚಿಂತರಾಗಿ ಮಲಗಿದರು.

ಆ ನಿದ್ರೆಯನ್ನು ಕೆಡಿಸಿದವನು ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್. ನ್ಯೂಯಾರ್ಕಿನ ಬೀಗದ ಕಂಪನಿಯೊಂದರ ಪರವಾಗಿ ಅವನು ೧೮೫೧ರ ಲಂಡನ್ ಮಹಾಪ್ರದರ್ಶನಕ್ಕೆ ಬಂದಿದ್ದನು. ಅದೇ ಜುಲೈನಲ್ಲಿ ಸಾಕ್ಷಿಗಳ ಸಮಕ್ಷಮದಲ್ಲಿ ಚಬ್ ಬೀಗವನ್ನು ಸುಮಾರು ೨೫ ನಿಮಿಷಗಳಲ್ಲಿ ತೆರೆದನು. ಮತ್ತೆ ಏನೂ ಆಗದಂತೆ ಹಾಕಿಯೂ ತೋರಿಸಿದನು. ಆಮೇಲೆ ಪಿಕಡಿಲಿಯ ಬ್ರಾಮಾ ಬೀಗಕ್ಕೆ ಕೈಯಿಟ್ಟನು. ಹಲವು ದಿನಗಳ ಮೇಲೆ ಹಂಚಿಹೋದ ಸುಮಾರು ೫೧ ಗಂಟೆಗಳ ದುಡಿಮೆಯ ನಂತರ ಅದೂ ತೆರೆಯಿತು, ಬಹುಮಾನವೂ ಕೈಸೇರಿತು. ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಬ್ಯಾಂಕಿನವರು, ವರ್ತಕರು, ಸಿರಿವಂತರು ತಬ್ಬಿಬ್ಬಾದರು. ಬೀಗ ಕೆಟ್ಟದ್ದಾಗಿರುವುದಕ್ಕಿಂತ ಅದನ್ನು ಹೊರಗೆ ಹೇಳಿದ್ದೇ ತಪ್ಪೆಂದು ಆಕ್ಷೇಪಿಸಿದವರು ಹಲವರು. ಚಾರ್ಲ್ಸ್ ಟಾಮ್ಲಿನ್ಸನ್ನನ ಸಂಪಾದಕತ್ವದಲ್ಲಿ ೧೮೫೩ರಲ್ಲಿ ಬಂದ ಬೀಗಗಳ ಗ್ರಂಥದಲ್ಲಿ ಹಾಬ್ಸನ ಪಕ್ಷದ ಉತ್ತರವಿದೆ. ಕಳ್ಳರು ತಮ್ಮ ಕಸುಬಿನಲ್ಲಿ ಚುರುಕಾದವರು, ನಾವು ಕಲಿಸಬಹುದಾದುದನ್ನು ಅವರು ಮೊದಲೇ ಬಲ್ಲರು. ಬೀಗದ ದೌರ್ಬಲ್ಯ ಗೊತ್ತಿಲ್ಲದಿರುವುದು ಅದನ್ನು ನಂಬಿ ಹಣವಿಟ್ಟ ಸಾಧುಗಳಿಗೆ ಮಾತ್ರ. ಆದ್ದರಿಂದ ವಿಷಯ ಬಯಲಾಗುವುದೇ ಲೇಸು. ಅದರ ತಾತ್ಪರ್ಯ ಇಷ್ಟು.

ಮುಂದಿನ ಚರಿತ್ರೆ ಈ ಮಾತನ್ನು ಸಮರ್ಥಿಸಿತು. ಇಂಗ್ಲೆಂಡಿನ ತಯಾರಕರು ತಮ್ಮ ಬೀಗಗಳನ್ನು ತಿದ್ದಿಕೊಂಡರು. ಹಾಬ್ಸನು ಹೆಮ್ಮೆಯಿಂದ ತಂದಿದ್ದ ಅಮೆರಿಕದ ಬೀಗಕ್ಕೂ ಕಾಲ ಬಂತು. ಕೆಲವೇ ವರ್ಷಗಳಲ್ಲಿ ಲೈನಸ್ ಯೇಲನೇ ಅದನ್ನು ತೆರೆದು ತೋರಿಸಿದನು. ಇಂದು ನಾವು ಬಳಸುವ ಸಿಲಿಂಡರ್ ಬೀಗವನ್ನು ಕೊಟ್ಟವನು ಪರರ ಬೀಗಗಳನ್ನು ತೆರೆಯಬಲ್ಲ ಕುಶಲನಾಗಿದ್ದನೆಂಬುದು ಗಮನಾರ್ಹ. ೧೮೮೩ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ ಸೈನ್ಯದ ಗುಪ್ತಲಿಪಿಗಳನ್ನು ಕುರಿತು ಬರೆಯುತ್ತ ಇದೇ ತತ್ತ್ವವನ್ನು ಹೇಳಿದನು: ವ್ಯವಸ್ಥೆಯ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೆಡಕಾಗಬಾರದು, ಗುಟ್ಟಾಗಿರಬೇಕಾದುದು ಕೀಲಿಕೈ ಒಂದೇ. ಇಂದಿನ ಕಂಪ್ಯೂಟರುಗಳ ಭದ್ರತೆಯ ಶಾಸ್ತ್ರವೂ ಈ ಅಡಿಗಲ್ಲಿನ ಮೇಲೆಯೇ ನಿಂತಿದೆ.

ನಮ್ಮ ದೇಶದಲ್ಲಿ ಬೀಗದ ಕಸುಬಿಗೆ ದೀರ್ಘವಾದ ಪರಂಪರೆಯಿದೆ. ಉತ್ತರದಲ್ಲಿ ಅಲಿಗಢ, ದಕ್ಷಿಣದಲ್ಲಿ ದಿಂಡಿಗಲ್ ಬೀಗಗಳಿಗೆ ಹೆಸರಾದ ಊರುಗಳು. ೧೭೫೫ರಲ್ಲಿ ಹೈದರಾಲಿ ಫೌಜುದಾರನಾಗಿ ನೇಮಕಗೊಂಡದ್ದು ಇದೇ ದಿಂಡಿಗಲ್ಲಿಗೆ. ಅಲ್ಲಿನ ಕೈಕೆಲಸದ ಬೀಗಕ್ಕೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮುಂಬಯಿಯಲ್ಲಿ ವಕೀಲಿಯನ್ನು ಬಿಟ್ಟ ಅರ್ದೇಶಿರ್ ಗೋದ್ರೆಜ್ ೧೮೯೭ರಲ್ಲಿ ಬೀಗದ ಕಾರಖಾನೆಯನ್ನು ತೆರೆದರು. ವಿದೇಶೀ ಬೀಗಕ್ಕೆ ಸರಿಗಟ್ಟುವ ಸ್ವದೇಶೀ ಬೀಗವನ್ನು ಮಾಡಬೇಕಾದರೆ ವಿದೇಶೀ ಬೀಗವನ್ನು ಬಿಚ್ಚಿ ನೋಡಲೇಬೇಕು. ದೇಶದ ಸ್ವಾಭಿಮಾನಕ್ಕೂ ಬೀಗದ ಒಳಗನ್ನು ಅರಿಯುವ ಕುತೂಹಲಕ್ಕೂ ಆ ಕಾಲದಲ್ಲಿ ಹೀಗೆ ನಂಟು ಬೆಳೆಯಿತು.

ಇಲ್ಲಿಯವರೆಗೆ ಹೇಳಿದ್ದು ಕಸುಬುದಾರರ ಕಥೆ. ಕಸುಬಲ್ಲದೆ ಬರಿಯ ಸಂತೋಷಕ್ಕಾಗಿ ಬೀಗಗಳ ಬೆನ್ನು ಹತ್ತಿದವರೂ ಉಂಟು. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಅರಮನೆಯಲ್ಲಿಯೇ ಕುಲುಮೆಯನ್ನಿಟ್ಟುಕೊಂಡು, ಗಾಮೆಂ ಎಂಬ ಬೀಗದ ಕಸುಬಿನವನಿಂದ ಕೆಲಸ ಕಲಿತಿದ್ದನು. ಕ್ರಾಂತಿಯ ಕಾಲದಲ್ಲಿ ರಹಸ್ಯ ಕಾಗದಪತ್ರಗಳನ್ನಿಡಲು ಆ ಗುರುವಿನಿಂದಲೇ ಗೋಡೆಯಲ್ಲಿ ಒಂದು ಕಬ್ಬಿಣದ ಕಪಾಟನ್ನು ಮಾಡಿಸಿದನು. ೧೭೯೨ರ ನವೆಂಬರಿನಲ್ಲಿ ಗಾಮೆಂ ಹೋಗಿ ಕ್ರಾಂತಿಕಾರಿ ಸರ್ಕಾರಕ್ಕೆ ಅದರ ಸುಳಿವು ಕೊಟ್ಟನು. ಸಿಕ್ಕ ಪತ್ರಗಳು ದೊರೆಯ ವಿಚಾರಣೆಯಲ್ಲಿ ಅವನಿಗೆ ಎದುರಾಗಿ ನಿಂತವು. ಬೀಗ ಗಟ್ಟಿಯಾಗಿತ್ತು, ಮನುಷ್ಯ ಸಡಿಲಾಗಿದ್ದ.

ನಮ್ಮ ಕಾಲಕ್ಕೆ ಹತ್ತಿರದ ಉದಾಹರಣೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಅಲಮೋಸಿನಲ್ಲಿ ಅಣುಬಾಂಬಿನ ಕೆಲಸ ನಡೆಯುತ್ತಿದ್ದಾಗ ಅವನು ಬಿಡುವಿನ ಹವ್ಯಾಸವಾಗಿ ಬೀಗಗಳನ್ನೂ ತಿಜೋರಿಗಳನ್ನೂ ತೆರೆಯುವುದನ್ನು ಕಲಿತನು. ತಿಜೋರಿಯನ್ನು ತೆರೆದಿಟ್ಟಿದ್ದಾಗ ಅದರ ಗುಪ್ತ ಸಂಖ್ಯೆಗಳನ್ನು ಹೊರಗಿನವರು ಸುಲಭವಾಗಿ ಪತ್ತೆಮಾಡಬಹುದೆಂದು ಒಬ್ಬ ಸೈನ್ಯಾಧಿಕಾರಿಗೆ ತೋರಿಸಿ, ಕೆಲಸ ಮಾಡುವಾಗ ಮುಚ್ಚಿಡಿ ಎಂದು ಎಚ್ಚರಿಸಿದನು. ಅಧಿಕಾರಿ ಮಾಡಿದ್ದೇನು? ಫೈನ್‌ಮನ್ ಯಾರ ಯಾರ ಕೋಣೆಗೆ ಬಂದಿದ್ದನೆಂದು ವಿಚಾರಿಸಿ, ಅವರೆಲ್ಲ ಸಂಖ್ಯೆಯನ್ನು ಬದಲಾಯಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ತಿಜೋರಿಯ ದೋಷ ಹಾಗೆಯೇ ಉಳಿಯಿತು. ದೋಷವನ್ನು ತೋರಿಸಿದವನೇ ದೋಷಿಯಾದ. ೧೯೮೫ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿ ಅವನು ಈ ಪ್ರಸಂಗವನ್ನು ನಗುನಗುತ್ತ ಹೇಳಿದ್ದಾನೆ. ನಗುವಿನ ಹಿಂದಿರುವುದು ಮಾತ್ರ ೧೮೫೧ರ ಹಳೆಯ ಜಗಳವೇ.

ಹವ್ಯಾಸಿಗಳು ಒಂದುಗೂಡಿ ಕಮ್ಮಟಗಳನ್ನು ನಡೆಸತೊಡಗಿದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯ ವಿದ್ಯಾರ್ಥಿ ವಲಯದಿಂದ ಹೊರಟ ಒಂದು ಕೈಪಿಡಿ, ಕರ್ತೃವಿನ ನಿಜನಾಮವಿಲ್ಲದೆ, ೧೯೮೭ರಿಂದ ೧೯೯೧ರ ನಡುವೆ ರೂಪುಗೊಂಡು ಕೈಯಿಂದ ಕೈಗೆ ಹರಡಿತು. ೧೯೯೭ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಒಂದು ಸಂಘ ಹುಟ್ಟಿತು. ಅದರ ಹೆಸರನ್ನು ‘ಬೀಗತಂತ್ರದ ಕ್ರೀಡಾಮಿತ್ರರು’ ಎಂದು ಕನ್ನಡಿಸಬಹುದು. ಹೆಸರೇ ಹೇಳುವಂತೆ ಅವರಿಗೆ ಇದು ಆಟ, ಸ್ಪರ್ಧೆ. ನೆದರ್ಲೆಂಡ್ಸಿನಲ್ಲಿ, ಅಮೆರಿಕದಲ್ಲಿ ಇಂಥವೇ ಸಂಘಗಳು ಬೆಳೆದವು. ಕಂಪ್ಯೂಟರ್ ಭದ್ರತೆಯನ್ನು ಅಭ್ಯಾಸ ಮಾಡುವವರ ಸಮ್ಮೇಳನಗಳಲ್ಲಿ, ಹೊರದೇಶಗಳಲ್ಲಿ ಮಾತ್ರವಲ್ಲದೆ ನಮ್ಮ ದೇಶದಲ್ಲಿಯೂ, ಬೀಗಗಳನ್ನು ಹರಡಿದ ಒಂದು ಮೇಜನ್ನಿಟ್ಟು ಬಂದವರಿಗೆ ಕಲಿಸುವ ರೂಢಿ ಬಂದಿದೆ. ಈ ಸಂಘಗಳಲ್ಲಿ ಎಲ್ಲರೂ ಒಪ್ಪಿ ನಡೆಯುವ ನಿಯಮಗಳು ಎರಡು: ನಿನ್ನದಲ್ಲದ ಬೀಗವನ್ನು ಒಡೆಯನ ಅಪ್ಪಣೆಯಿಲ್ಲದೆ ಮುಟ್ಟಬೇಡ, ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬೇಡ.

ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿರುವ ನನ್ನ ಅಣ್ಣನ ಮೊಮ್ಮಗ ಈ ಬಗೆಯ ಅಭ್ಯಾಸವುಳ್ಳವನು. ಗಾಂಧಿನಗರದ ನಮ್ಮ ಮನೆಗೆ ಬಂದಾಗ ಒಮ್ಮೆ ಅವನು ಪಾರದರ್ಶಕವಾದ ಕಲಿಕೆಯ ಬೀಗವೊಂದನ್ನು ನನ್ನ ಮುಂದಿಟ್ಟನು. ಒಳಗಿನ ದಿಂಡು, ಅದರ ತೂತುಗಳಲ್ಲಿ ಎರಡೆರಡು ತುಂಡಾದ ಐದು ಪಿನ್ನುಗಳು, ಅವನ್ನು ಕೆಳಕ್ಕೆ ಒತ್ತುವ ಸಣ್ಣ ಸ್ಪ್ರಿಂಗುಗಳು ಎಲ್ಲವೂ ಹೊರಕ್ಕೆ ಕಾಣುತ್ತಿದ್ದವು. ಸರಿಯಾದ ಕೀಲಿಕೈ ಹಾಕಿದರೆ ಅದರ ಹಲ್ಲುಗಳು ಪ್ರತಿಯೊಂದು ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತವೆ. ತುಂಡಾದ ಜಾಗಗಳೆಲ್ಲ ದಿಂಡಿನ ಅಂಚಿಗೆ ಸಮನಾದಾಗ ದಿಂಡು ತಿರುಗುತ್ತದೆ. ಕೈ ಇಲ್ಲದವನು ಬಾಗಿದ ಕಡ್ಡಿಯೊಂದರಿಂದ ದಿಂಡನ್ನು ಹಗುರಾಗಿ ತಿರುವಿ ಹಿಡಿದಿರಬೇಕು. ಇನ್ನೊಂದು ಕಡ್ಡಿಯಿಂದ ಪಿನ್ನುಗಳನ್ನು ತಡವಬೇಕು. ಕಾರಖಾನೆಯಲ್ಲಿ ಎಷ್ಟು ನಾಜೂಕಾಗಿ ಕೊರೆದರೂ ತೂತುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಆದ್ದರಿಂದ ಐದೂ ಪಿನ್ನುಗಳು ಒಮ್ಮೆಗೇ ಬಿಗಿಯುವುದಿಲ್ಲ. ಒಂದಾದ ಮೇಲೆ ಒಂದು ಬಿಗಿಯುತ್ತವೆ. ಬಿಗಿದದ್ದನ್ನು ಹುಡುಕಿ ಎತ್ತಿದರೆ ಅದು ಅಲ್ಲಿಯೇ ನಿಲ್ಲುತ್ತದೆ, ಮುಂದಿನದು ಬಿಗಿಯುತ್ತದೆ. ಬೀಗವನ್ನು ತೆರೆಯಲು ಸಾಧ್ಯವಾಗುವುದು ಮನುಷ್ಯನ ಕೈಕೆಲಸ ಪರಿಪೂರ್ಣವಲ್ಲವೆಂಬ ಒಂದೇ ಕಾರಣದಿಂದ.

‘ನೋಡಬ್ಯಾಡ್ರಿ ತಾತ, ಕಣ್ಣು ಮುಚ್ಚಿಕೊಳ್ರಿ. ಬೆರಳಿಗೆ ಗೊತ್ತಾಗ್ತದ’ ಎಂದನು ಹುಡುಗ. ಅರ್ಧ ಗಂಟೆಯ ಮೇಲೆ ಬೆರಳಿಗೆ ಗೊತ್ತಾಯಿತು. ದಿಂಡು ತಟ್ಟನೆ ತಿರುಗಿದಾಗ ಆದ ಸಂತೋಷ, ಹಳಗನ್ನಡದ ತೊಡಕಿನ ಪದ್ಯವೊಂದರ ಅನ್ವಯ ಸಿಕ್ಕಾಗ ಆಗುವ ಸಂತೋಷದ ಜಾತಿಯದೇ. ಪುಸ್ತಕವನ್ನು ಓದಿ ಇದನ್ನು ಕಲಿಯಲಾಗದು. ಈಜಿನಂತೆ, ತಂಬೂರಿಯ ಶ್ರುತಿ ಹಿಡಿಯುವುದರಂತೆ, ಬಲ್ಲವರ ಪಕ್ಕದಲ್ಲಿ ಕುಳಿತು ಮಾಡಿಯೇ ಕಲಿಯಬೇಕು. ಕಮ್ಮಟ ಬೇಕಾದುದು ಅದಕ್ಕಾಗಿ.

ಇನ್ನು ಕಳ್ಳರ ಪ್ರಶ್ನೆ. ಮನೆ ಮುರಿಯುವವನಿಗೆ ಅರ್ಧ ಗಂಟೆ ಕುಳಿತು ಪಿನ್ನು ಎಣಿಸುವ ತಾಳ್ಮೆಯೂ ಇಲ್ಲ, ಅಗತ್ಯವೂ ಇಲ್ಲ. ಅವನ ಕೈಯಲ್ಲಿ ಕಬ್ಬಿಣದ ಸಲಾಕೆಯಿರುತ್ತದೆ. ಬೀಗಕ್ಕಿಂತ ಮೊದಲು ಚಿಲಕ ಕಿತ್ತುಬರುತ್ತದೆ. ಇತ್ತ ಹವ್ಯಾಸಿಗಳಿಂದ ಆದ ಲಾಭಕ್ಕೆ ನಿದರ್ಶನವಿದೆ. ವಿಶೇಷ ರೀತಿಯಲ್ಲಿ ಹಲ್ಲು ಕೊರೆದ ಕೈಯನ್ನು ಬೀಗದೊಳಗೆ ಹಾಕಿ ಮೆಲ್ಲನೆ ತಟ್ಟಿದರೆ ಅನೇಕ ಸಿಲಿಂಡರ್ ಬೀಗಗಳು ತೆರೆದುಕೊಳ್ಳುತ್ತವೆಂಬುದು ಕಸುಬಿನವರಲ್ಲಿ ಹಳೆಯ ಗುಟ್ಟಾಗಿತ್ತು. ೨೦೦೫ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಹವ್ಯಾಸಿಗಳು ಅದನ್ನು ಬಹಿರಂಗವಾಗಿ ಬರೆದರು. ಆಮೇಲೆ ತಯಾರಕರು ಅದಕ್ಕೆ ಪ್ರತಿವಿಧಾನಗಳನ್ನುಳ್ಳ ಬೀಗಗಳನ್ನು ಮಾರುಕಟ್ಟೆಗೆ ತಂದರು. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಕೊಳ್ಳುವವನು ತಿಳಿಯದೆ ದುರ್ಬಲವಾದುದನ್ನೇ ಕೊಳ್ಳುತ್ತಿದ್ದ. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆ ನಮ್ಮಲ್ಲಿದೆಯಲ್ಲ. ಸೂರೆಗೆ ಮೊದಲೇ ದಿಡ್ಡಿಯನ್ನು ತೋರಿಸುವವನು ಊರಿಗೆ ಉಪಕಾರಿ.

ಕಾನೂನು ಈ ವಿಷಯದಲ್ಲಿ ಒಂದು ಮುಖ್ಯವಾದ ಭೇದವನ್ನು ಮಾಡಿದೆ. ೧೮೬೦ರ ದಂಡಸಂಹಿತೆಯಲ್ಲಿ ಅತಿಕ್ರಮ ಪ್ರವೇಶಕ್ಕಾಗಿ ಬೀಗವನ್ನು ತೆರೆಯುವುದು ಮನೆ ಮುರಿಯುವುದರ ಒಂದು ಬಗೆಯೆಂದು ಹೇಳಿತ್ತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆ ಜಾರಿಗೆ ಬಂದಿದೆ. ೧೯೬೩ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮನೆ ಮುರಿಯುವ ಸಲಕರಣೆಯನ್ನು ತಕ್ಕ ಕಾರಣವಿಲ್ಲದೆ ಇಟ್ಟುಕೊಂಡಿರುವುದು ಅಪರಾಧ. ಅಂದರೆ ಬೀಗ ತೆರೆಯಬಲ್ಲ ತಿಳಿವಳಿಕೆ ಅಪರಾಧವಲ್ಲ. ಯಾವ ಹೊತ್ತಿನಲ್ಲಿ, ಯಾರ ಬಾಗಿಲಲ್ಲಿ, ಯಾವ ಉದ್ದೇಶದಿಂದ ಎಂಬುದು ಮುಖ್ಯ. ಕಾಗದದ ಮೇಲೆ ಇದು ನ್ಯಾಯವಾದ ಮಾತು. ಬೀದಿಯಲ್ಲಿ ಅದು ಎಲ್ಲರಿಗೂ ಒಂದೇ ಸಮನಾಗಿ ಸಲ್ಲುತ್ತದೆಯೇ ಎಂಬುದನ್ನು, ಬಳ್ಳಾರಿ ಸೀಮೆಯವನಾಗಿ, ಕೇಳದಿರಲಾರೆ.

ಬಳ್ಳಾರಿ ಜಿಲ್ಲೆ ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಡುವೆ ವ್ಯಾಪಾರ ಮಾಡುತ್ತಿದ್ದ, ಬಿದಿರಿನ ಬುಟ್ಟಿ ಹೆಣೆಯುತ್ತಿದ್ದ ಕೊರಚರು ಈ ನಾಡಿನ ಹಳೆಯ ಜನ. ಸರ್ಕಾರದ ಉಪ್ಪಿನ ನೀತಿ, ರೈಲುದಾರಿ ಇವುಗಳಿಂದ ಅವರ ವ್ಯಾಪಾರ ಕುಸಿಯಿತು. ೧೮೭೧ರಲ್ಲಿ ಉತ್ತರದಲ್ಲಿ ಜಾರಿಗೆ ಬಂದಿದ್ದ ಅಪರಾಧಿ ಬುಡಕಟ್ಟುಗಳ ಕಾಯಿದೆ, ೧೯೧೧ರ ಹೊಸ ಕಾಯಿದೆಯಿಂದ ಮದ್ರಾಸಿಗೂ ವ್ಯಾಪಿಸಿತು. ಕೊರವ ಕೊರಚರ ಗುಂಪುಗಳು ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದವರು ಬೆರಳಚ್ಚು ಕೊಡಬೇಕು, ಠಾಣೆಗೆ ಹಾಜರಿ ಹಾಕಬೇಕು, ಊರು ಬಿಡಲು ಅಪ್ಪಣೆ ಪಡೆಯಬೇಕು. ಒಂದು ಸಮುದಾಯವನ್ನು ಪಟ್ಟಿಗೆ ಸೇರಿಸಿದ್ದು ಸರಿಯೇ ಎಂದು ಯಾವ ನ್ಯಾಯಾಲಯವೂ ಕೇಳುವಂತಿರಲಿಲ್ಲ. ೧೯೫೨ರ ಆಗಸ್ಟ್ ೩೧ರಂದು ಆ ಕಾಯಿದೆ ದೇಶದಲ್ಲೆಲ್ಲ ರದ್ದಾಯಿತು. ಕಾಯಿದೆ ಹೋದರೂ ಸಂಶಯ ಹೋಗಲಿಲ್ಲ; ‘ವಿಮುಕ್ತ’ ಎಂಬ ಹೆಸರೇ ಹಳೆಯ ಕಳಂಕವನ್ನು ನೆನಪಿಸುತ್ತ ಉಳಿಯಿತು.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಕಂಪನಿಯ ಕೆಲಸದಲ್ಲಿರುವ ನಮ್ಮ ಮನೆಯ ಹುಡುಗನ ಚೀಲದಲ್ಲಿ ಬೀಗ ತೆರೆಯುವ ಕಡ್ಡಿಗಳಿದ್ದರೆ ಅದು ಹವ್ಯಾಸ. ಹರಕು ಅಂಗಿಯ ಬಡವನ ಕೈಯಲ್ಲಿ ಅವೇ ಕಡ್ಡಿಗಳಿದ್ದರೆ ಅದು ಸಾಕ್ಷ್ಯ. ಇನ್ನೊಬ್ಬನ ಕೈಯಲ್ಲಿ ಯಾವ ಕಡ್ಡಿಯೂ ಇರಲಿಲ್ಲ; ಹುಟ್ಟಿದ ಮನೆಯೊಂದರಿಂದಲೇ ಅವನು ಕಳ್ಳನೆನಿಸಿದ. ಕೌಟಿಲ್ಯನ ಗೂಢಚಾರ ಹುಡುಕಿದ್ದು ಶಂಕಿತ ತರುಣನನ್ನು. ಬ್ರಿಟಿಷರ ಕಾಯಿದೆ ಹುಡುಕಿದ್ದು ಶಂಕಿತ ಕುಲವನ್ನು. ತಿಳಿವಳಿಕೆಯನ್ನು ಗುಟ್ಟಾಗಿಟ್ಟ ಸಮಾಜ, ತಿಳಿದವರು ಯಾರೆಂದು ಊಹಿಸತೊಡಗುತ್ತದೆ. ಊಹೆ ಯಾವಾಗಲೂ ದುರ್ಬಲನ ಮನೆಯ ದಾರಿಯನ್ನೇ ಹಿಡಿಯುತ್ತದೆ. ವಿದ್ಯೆ ಬಯಲಲ್ಲಿದ್ದರೆ, ಹತ್ತು ಜನ ಕುಳಿತು ಹಗಲಲ್ಲಿ ಕಲಿಯುವಂತಿದ್ದರೆ, ಬಲ್ಲವನೆಂಬ ಕಾರಣಕ್ಕೆ ಒಬ್ಬನನ್ನು ಹಿಡಿಯಲಾಗುವುದಿಲ್ಲ. ಮಾಡಿದ್ದನ್ನು ನೋಡಿಯೇ ಹಿಡಿಯಬೇಕಾಗುತ್ತದೆ. ಬೀಗದ ಕಮ್ಮಟಗಳನ್ನು ನಾನು ಸ್ವಾಗತಿಸುವುದಕ್ಕೆ ಬೀಗಗಳು ಬಲಗೊಳ್ಳುತ್ತವೆಂಬುದಕ್ಕಿಂತ ಈ ಕಾರಣ ದೊಡ್ಡದು.

ಅಂಥ ಕಮ್ಮಟ ನಮ್ಮ ಊರುಗಳಲ್ಲಿ ನಡೆಯುವುದಾದರೆ ಗುರುವನ್ನು ದೂರದಿಂದ ಕರೆಸಬೇಕಾಗಿಲ್ಲ. ನಮ್ಮ ಪೇಟೆಗಳ ಮೂಲೆಯಲ್ಲಿ, ಮರದ ಪೆಟ್ಟಿಗೆಯ ಮೇಲೆ ಹಳೆಯ ಕೀಲಿಕೈಗಳ ಗೊಂಚಲನ್ನು ಹರಡಿಕೊಂಡು, ಸಣ್ಣ ಅರವನ್ನು ಹಿಡಿದು ಕುಳಿತ ಕಸುಬುದಾರನನ್ನು ನೀವು ಕಂಡಿದ್ದೀರಿ. ಕೈ ಕಳೆದುಕೊಂಡ ಗೃಹಸ್ಥನು ಅವನನ್ನು ಮನೆಗೆ ಕರೆತರುತ್ತಾನೆ. ಅವನು ಬೀಗಕ್ಕೆ ಕಿವಿಗೊಟ್ಟು, ಅರದಿಂದ ಹಲ್ಲು ಕೊರೆದು, ಹಾಕಿ ನೋಡಿ, ಮತ್ತೆ ಕೊರೆದು, ಹೊಸ ಕೈಯನ್ನು ಮಾಡಿಕೊಟ್ಟು ಹೋಗುತ್ತಾನೆ. ಊರಿನ ಎಷ್ಟೋ ಬಾಗಿಲುಗಳ ಒಳಗುಟ್ಟು ಅವನ ಬೆರಳುಗಳಿಗೆ ಗೊತ್ತು. ಆದರೂ ಊರು ನಿಶ್ಚಿಂತೆಯಿಂದ ಮಲಗುತ್ತದೆ. ಅವನನ್ನು ಮೇಷ್ಟ್ರ ಜಾಗದಲ್ಲಿ ಕೂರಿಸಿ, ಕಾಲೇಜಿನ ಹುಡುಗರು ಅವನ ಮುಂದೆ ಕುಳಿತು ಕಲಿಯುವ ದಿನ ಬಂದರೆ ಬೀಗದ ಜೊತೆಗೆ ಇನ್ನೂ ಕೆಲವು ಕದಗಳು ನಮ್ಮಲ್ಲಿ ತೆರೆದುಕೊಂಡಾವು.